ನೆಗಡಿಯಿಂದ ತಪ್ಪಿದ ಲಸಿಕೆ: ಮತ್ತೆ ಮೊದಲಿನಿಂದ ಹಾಕಿಸಬೇಕೇ?

ಪ್ರಶ್ನೆ (ತಾಯಿ, ಜಮಖಂಡಿ):
ನನ್ನ ಮಗಳಿಗೆ ಮೂರೂವರೆ ತಿಂಗಳು ತುಂಬಿದೆ. ಒಂದೂವರೆ ತಿಂಗಳಿನ ಲಸಿಕೆಗಳು ಸಕಾಲಕ್ಕೆ ಆದವು. ಎರಡೂವರೆ ತಿಂಗಳಿನ ಹೊತ್ತಿಗೆ ಅವಳಿಗೆ ನೆಗಡಿಯಾಗಿದ್ದರಿಂದ ಅತ್ತೆಯವರು ಸದ್ಯಕ್ಕೆ ಬೇಡವೆಂದರು. ಬಳಿಕ ನಾನು ತವರಿಗೆ ಹೋದೆ. ಈಗ ಮೊದಲ ಡೋಸಿನಿಂದಲೇ ಪುನಃ ಆರಂಭಿಸಬೇಕೇ?

ಉತ್ತರ (ನಿವೃತ್ತ ಆರೋಗ್ಯ ಸಹಾಯಕಿ, ಬಾಗಲಕೋಟೆ):
ಬೇಡ ತಂಗಿ, ಹಾಕಿಸಿದ ಡೋಸು ವ್ಯರ್ಥವಾಗುವುದಿಲ್ಲ. ಎಲ್ಲಿ ನಿಂತಿದೆಯೋ ಅಲ್ಲಿಂದಲೇ ಮುಂದುವರಿಸಿ, ಐದು ರೋಗಗಳನ್ನು ಒಟ್ಟಿಗೆ ತಡೆಯುವ ಲಸಿಕೆಯಾದ ಪೆಂಟಾವೇಲೆಂಟ್‌ನ ಎರಡನೆಯ ಮತ್ತು ಮೂರನೆಯ ಡೋಸುಗಳ ನಡುವೆ ಕನಿಷ್ಠ 4 ವಾರ ಅಂತರವಿರಲಿ. ಆದರೆ ಇನ್ನು ತಡಮಾಡಬೇಡಿ. ಈ ಚುಚ್ಚುಮದ್ದು ತಡೆಯುವ ನಾಯಿಕೆಮ್ಮು ದೊಡ್ಡವರಿಗೆ ಬರೀ ದೀರ್ಘ ಕೆಮ್ಮಾಗಿ ಕಾಡಬಹುದು, ಎಳೆಗೂಸಿಗೆ ಮಾತ್ರ ಉಸಿರೇ ನಿಲ್ಲುವಷ್ಟು ಅಪಾಯ ತರುತ್ತದೆ. ವೇಳಾಪಟ್ಟಿಯನ್ನು 6, 10 ಮತ್ತು 14 ವಾರಗಳಷ್ಟು ಬೇಗ ಇಟ್ಟಿರುವುದಕ್ಕೆ ಇದೂ ಒಂದು ಕಾರಣ. ಸಾಮಾನ್ಯ ನೆಗಡಿ, ಸಣ್ಣ ಕೆಮ್ಮು ಲಸಿಕೆಗೆ ಅಡ್ಡಿಯಲ್ಲವೆಂದು ಅತ್ತೆಯವರಿಗೆ ಸಮಾಧಾನದಿಂದ ತಿಳಿಸಿ. ಜೋರು ಜ್ವರವಿದ್ದರೆ ಅಥವಾ ಮಗು ಆಸ್ಪತ್ರೆಯಲ್ಲಿದ್ದರೆ ಮಾತ್ರ ವೈದ್ಯರನ್ನು ಕೇಳಿ ಮುಂದೂಡಬೇಕು.

ಪ್ರತಿಕ್ರಿಯೆ (ತಂದೆ, ಇಂಡಿ):
ಅಕ್ಕಾವ್ರೇ, ನನ್ನದೂ ಒಂದು ಪ್ರಶ್ನೆಯಿದೆ. ಕಬ್ಬು ಕಡಿಯುವ ಕೆಲಸಕ್ಕೆ ನಾವು ಕೊಲ್ಹಾಪುರದ ಕಡೆ ಹೊರಡುವಾಗ ಮಗನಿಗೆ ಎಂಟು ತಿಂಗಳಾಗಿರುತ್ತದೆ. ಒಂಬತ್ತು ತಿಂಗಳಿನ ಲಸಿಕೆಯನ್ನು ಹೊರಡುವ ಮೊದಲೇ ಹಾಕಿಸಬಹುದೇ?

ಉತ್ತರ (ಆರೋಗ್ಯ ಸಹಾಯಕಿ):
ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ನಮ್ಮ ಕಡೆ ಗೊಬ್ಬರ ಎಂದು ಕರೆಯುವ ದಡಾರದ ವಿರುದ್ಧ ತಾಯಿಯಿಂದ ಬಂದ ರಕ್ಷಣೆಯು ಮಗುವಿನ ಮೈಯಲ್ಲಿ ಕೆಲವು ತಿಂಗಳು ಉಳಿದಿರುತ್ತದೆ. ಅದು ಇರುವಾಗಲೇ ದಡಾರ-ರುಬೆಲ್ಲಾ ಲಸಿಕೆ ಹಾಕಿದರೆ ಮಗುವಿನ ದೇಹ ತನ್ನದೇ ರಕ್ಷಣೆಯನ್ನು ಸರಿಯಾಗಿ ಬೆಳೆಸಿಕೊಳ್ಳದಿರಬಹುದು. ಆದ್ದರಿಂದ ಒಂಬತ್ತು ತಿಂಗಳು ತುಂಬಿದ ಮೇಲೆ ಅಲ್ಲಿಯ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿಯೇ ಹಾಕಿಸಿ. ರಾಷ್ಟ್ರೀಯ ವೇಳಾಪಟ್ಟಿಯ ಈ ಲಸಿಕೆ ಮಹಾರಾಷ್ಟ್ರದಲ್ಲಿಯೂ ಉಚಿತ. ತಾಯಿ ಕಾರ್ಡನ್ನು ಮರೆಯದೆ ಒಯ್ಯಿರಿ, ಊರಿನ ಆಶಾ ಕಾರ್ಯಕರ್ತೆಗೆ ಹೇಳಿಯೇ ಹೊರಡಿ. ಎರಡನೆಯ ಡೋಸು 16ರಿಂದ 24 ತಿಂಗಳ ನಡುವೆ ಬರುತ್ತದೆ, ಅದನ್ನು ಊರಿಗೆ ಮರಳಿದ ಮೇಲೂ ಹಾಕಿಸಬಹುದು.

ಪ್ರತಿಕ್ರಿಯೆ (ತಾಯಿ, ಜಮಖಂಡಿ):
ಧನ್ಯವಾದಗಳು ಅಕ್ಕಾ. ಮೊದಲ ಚುಚ್ಚುಮದ್ದಿನ ರಾತ್ರಿ ಬಂದ ಜ್ವರವನ್ನು ನೋಡಿಯೇ ಮನೆಯವರು ಹೆದರಿದ್ದರು.

ಉತ್ತರ (ಆರೋಗ್ಯ ಸಹಾಯಕಿ):
ಒಂದೆರಡು ದಿನದ ಜ್ವರ ಸಹಜ. ಲಸಿಕೆ ಹಾಕಿಸಿದ ಬಳಿಕ ಅರ್ಧ ಗಂಟೆ ಕೇಂದ್ರದಲ್ಲಿಯೇ ಕುಳಿತಿರಿ, ಮಗುವಿನ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಎಷ್ಟೆಂದು ಅಲ್ಲಿಯೇ ಕೇಳಿಕೊಳ್ಳಿ. ಫಿಟ್ಸ್ ಬಂದರೆ ಅಥವಾ ಮಗು ತಾಸುಗಟ್ಟಲೆ ಬಿಡದೆ ಅತ್ತರೆ ತಕ್ಷಣ ವೈದ್ಯರಿಗೆ ತೋರಿಸಿ.