ಜನವರಿಯಲ್ಲಿ ಒಬ್ಬಳೇ ಐಸ್‌ಲ್ಯಾಂಡ್‌ಗೆ ಹೋಗಬಹುದಾ?

ದಾವಣಗೆರೆ ಹುಡುಗಿ:
ಆಕಾಶದ ಆ ಹಸಿರು ಬೆಳಕನ್ನು, ಅದೇ ನಾರ್ದರ್ನ್ ಲೈಟ್ಸ್, ಒಮ್ಮೆಯಾದರೂ ಕಣ್ಣಾರೆ ನೋಡಬೇಕು ಅಂತ ತುಂಬಾ ಆಸೆ. ನಮ್ಮೂರ ಚಳಿಗೆ ಒಂದು ಸ್ವೆಟರ್ ಸಾಕು, ಅಲ್ಲಿಗೆ? ಕಾರು ಬಾಡಿಗೆಗೆ ತಗೊಂಡು ನಾನೇ ಓಡಿಸಬಹುದಾ? ಅಮ್ಮ ಬೇರೆ ಹೆದರಿದ್ದಾರೆ.

ದುರ್ಗದವನು:
ಕಾರು ಬೇಡ ತಂಗಿ. ಅಲ್ಲಿ ಚಳಿಗಿಂತ ಗಾಳಿಯೇ ಕಷ್ಟ. ರಾಜಧಾನಿ ರೇಕ್ಯಾವಿಕ್‌ನಲ್ಲಿ ಜನವರಿಯಲ್ಲೂ ಸಾಮಾನ್ಯವಾಗಿ 0 ಡಿಗ್ರಿ ಆಸುಪಾಸು ಇರುತ್ತೆ, ಆದರೆ ಗಾಳಿ ಎದ್ದರೆ ನಮ್ಮ ಜೋಗಿಮಟ್ಟಿ ಗಾಳಿ ಅದರ ಮುಂದೆ ಏನೇನೂ ಅಲ್ಲ, ಕಾರಿನ ಬಾಗಿಲನ್ನೇ ಮುರಿದುಹಾಕುತ್ತೆ, ರಸ್ತೆ ತುಂಬಾ ಐಸ್, ತಿಂಗಳ ಶುರುವಲ್ಲಿ ಹಗಲು ಇರೋದೇ ನಾಲ್ಕೈದು ಗಂಟೆ. ರೇಕ್ಯಾವಿಕ್‌ನಲ್ಲೇ ಉಳಿದು ಬಸ್ ಟೂರ್ ತಗೋ. ಥಿಂಗ್‌ವೆಲ್ಲಿರ್ ಕಣಿವೆ, ಗೇಸಿರ್ ಬಿಸಿನೀರಿನ ಬುಗ್ಗೆ, ಗುಲ್‌ಫಾಸ್ ಜಲಪಾತ ಮೂರೂ ಒಂದೇ ದಿನದಲ್ಲಿ ಆಗುತ್ತೆ.

ವಿದ್ಯಾನಗರದ ಅಕ್ಕ:
ಧೈರ್ಯವಾಗಿ ಹೋಗಮ್ಮ, ಒಂಟಿ ಹೆಣ್ಣಿಗೆ ಅಷ್ಟು ಸುರಕ್ಷಿತ ದೇಶ ಕಡಿಮೆ. ಷೆಂಗೆನ್ ವೀಸಾಗೆ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಮಾತ್ರ ಬೇಗ ಅರ್ಜಿ ಹಾಕು. ಮೋಡ ಇದ್ರೆ ಆ ಬೆಳಕು ಕಾಣಲ್ಲ, ಹಾಗಾಗಿ ಜಾಸ್ತಿ ರಾತ್ರಿ ಇಟ್ಟುಕೋ. ರೇನಿಸ್‌ಫ್ಯಾರಾ ಬೀಚಿನ ಕಪ್ಪು ಮರಳಲ್ಲಿ ಸಮುದ್ರಕ್ಕೆ ಬೆನ್ನು ಹಾಕಬೇಡ, ಅಲ್ಲಿ ಅಲೆಗೆ ಸಿಕ್ಕಿ ಪ್ರವಾಸಿಗರು ಸತ್ತಿದ್ದಾರೆ.

ದಾವಣಗೆರೆ ಹುಡುಗಿ:
ಥ್ಯಾಂಕ್ಸ್ ಅಕ್ಕಾ. ಊಟ?

ವಿದ್ಯಾನಗರದ ಅಕ್ಕ:
ಹೋಟೆಲ್ ಊಟ ತುಂಬಾ ದುಬಾರಿ. ಅಡುಗೆಮನೆ ಇರೋ ರೂಮ್ ಹಿಡಿ, ಅವಲಕ್ಕಿ, ಚಟ್ನಿಪುಡಿ ಒಯ್ಯಿ. ನಲ್ಲಿ ನೀರನ್ನೇ ಕುಡಿಯಬಹುದು. ತುರ್ತು ನಂಬರ್ 112, ಅಮ್ಮನಿಗೂ ಬರೆದುಕೊಡು.