ರೇಸ್ ಕೊಟ್ಟರೆ ನಿಲ್ಲುವ ಗರಗಸ: ರಿಪೇರಿ ಮಾಡಿಸಲೋ, ಹೊಸದು ತಗೊಳ್ಳಲೋ? ಅನುಭವ ಇರುವವರು ಹೇಳಿ

ಹೊಸನಗರದ ತೋಟಿಗ ಕೇಳಿದ್ದು:
ನಾಲ್ಕು ಎಕರೆ ಅಡಿಕೆ ತೋಟ. ಐದು ವರ್ಷದ ಹಿಂದೆ ತಗೊಂಡ 45 ಸಿಸಿ ಪೆಟ್ರೋಲ್ ಚೈನ್ ಗರಗಸ, ಚೈನು ಓಡುವ ಪಟ್ಟಿ (ಬಾರ್) 18 ಇಂಚು. ಜೂನ್‌ನಲ್ಲಿ ದಾರಿಗೆ ಬಿದ್ದ ಮರ ಕೊಯ್ದು ಕೊಟ್ಟಿಗೆ ಅಟ್ಟದಲ್ಲಿ ಇಟ್ಟವನು ದೀಪಾವಳಿ ಕಳೆದ ಮೇಲೆ ತೆಗೆದೆ. ಚೋಕ್ ಎಳೆದರೆ ಸ್ಟಾರ್ಟ್ ಆಗುತ್ತೆ, ಸಣ್ಣಕ್ಕೆ ಓಡುತ್ತೆ, ರೇಸ್ ಕೊಟ್ಟ ಕೂಡಲೇ ಉಸಿರು ಕಟ್ಟಿದ ಹಾಗೆ ನಿಂತೇ ಹೋಗುತ್ತೆ. ಪ್ಲಗ್ ಹೊಸದು ಹಾಕಿದೆ, ಏರ್ ಫಿಲ್ಟರ್ ತೊಳೆದೆ. ಪೇಟೆಯಲ್ಲಿ ತೋರಿಸಿದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಪೂರಾ ಬದಲಿಸಬೇಕು 4,200, ಪಿಸ್ಟನ್ನೂ ಹೋಗಿರಬಹುದು, 9 ಸಾವಿರದ ತನಕ ಬರುತ್ತೆ ಅಂದರು. ಹೊಸದಕ್ಕೆ 30 ಸಾವಿರ ಕೇಳುತ್ತಾರೆ. ಏನು ಮಾಡಲಿ?

ಸುಳ್ಯ ಕಡೆಯವನು:
ಪಿಸ್ಟನ್ ಅಂತ ಕೇಳಿದ ಕೂಡಲೇ ನನಗೆ 2022 ನೆನಪಾಗುವುದು. ನನ್ನದು ಗರಗಸ ಅಲ್ಲ, ಹುಲ್ಲು ತೆಗೆಯುವ ಮಿಷನ್, 52 ಸಿಸಿ ಚೈನಾ. ಅಂಗಳದ ಮೂಲೆಯಲ್ಲಿ ಎರಡು ಕ್ಯಾನ್ ಇತ್ತು, ಎರಡೂ ಐದು ಲೀಟರಿಂದು, ಎರಡೂ ಬಿಳಿ. ಒಂದರಲ್ಲಿ ಬೈಕಿಗೆ ತಂದಿಟ್ಟ ಬರೀ ಪೆಟ್ರೋಲ್, ಇನ್ನೊಂದರಲ್ಲಿ ಮಿಷನ್ನಿಗೆ ಬೇಕಾದ, ಆಯಿಲ್ ಮಿಕ್ಸ್ ಮಾಡಿದ್ದು; ಆ ಆಯಿಲ್ ಇಲ್ಲದಿದ್ದರೆ ಪಿಸ್ಟನ್ ಉಜ್ಜಿ ಹಿಡಿದುಕೊಳ್ಳುತ್ತದೆ. ನಾನು ಮದುವೆಗೆ ಹೋದ ದಿನ ಕೆಲಸದವ ಬರೀ ಪೆಟ್ರೋಲ್ ಹೊಯ್ದು ಓಡಿಸಿದ. ಅರ್ಧ ಗಂಟೆ ಸಹ ಆಗಲಿಲ್ಲವಂತೆ. ಸ್ವರ ಮೇಲೆ ಮೇಲೆ ಹೋಗಿ ಒಮ್ಮೆಲೇ ಕಟ್. ನಾನು ಬಂದು ಹಗ್ಗ ಎಳೆದರೆ ಮರದ ಬುಡಕ್ಕೆ ಕಟ್ಟಿದ ಹಾಗೆ ಇತ್ತು.

ಈಗ ಲೆಕ್ಕ ಕೇಳಿ. ಲೋಕಲ್ ಸಿಲಿಂಡರ್ ಕಿಟ್ 1,100, ಮಜೂರಿ 800. ಅದು ಮೂರು ತಿಂಗಳು ಬಂತು. ರಿಂಗ್ ತುಂಡಾಗಿ ಸಿಲಿಂಡರಿನ ಒಳಗೆ ಉಗುರಿನಲ್ಲಿ ಗೀರಿದ ಹಾಗೆ ಉದ್ದಕ್ಕೆ ಗೆರೆ. ಎರಡನೇ ಸಲ ಒಳ್ಳೆಯ ಕಿಟ್ 4,600, ಬೇರಿಂಗ್ ಮತ್ತು ಸೀಲ್ 1,150, ಮಜೂರಿ 1,300. ಒಟ್ಟು 8,950. ಮಿಷನ್ ತಗೊಂಡದ್ದು 9,500ಕ್ಕೆ. ಅದಾದ ಮೇಲೆ ಮಿಕ್ಸ್‌ಗೆ ಕೆಂಪು ಕ್ಯಾನ್ ಮಾತ್ರ, ಅದರ ಬೀಗದ ಕೈ ನನ್ನ ಹತ್ತಿರ. ಆಯಿಲ್ ಲೀಟರಿಗೆ 40 ಎಂಎಲ್. ಕಡಿಮೆ ಹಾಕಿ ಉಳಿಸುವ ಹತ್ತು ರೂಪಾಯಿ ನನಗೆ ಬೇಡ.

ಶಿರಸಿ ಹತ್ತಿರದವ:
40 ಎಂಎಲ್ ಹಾಕಿಯೇ ನನ್ನ ಗರಗಸ ಎರಡು ವರ್ಷ ಸತ್ತು ಸತ್ತು ಓಡಿದ್ದು. ಮಿಷನ್ ಕಂಪನಿ 1ಕ್ಕೆ 50 ಅಂದರೆ ಲೀಟರಿಗೆ 20 ಎಂಎಲ್, ಅಷ್ಟೇ ಹಾಕಬೇಕು, ಆಯಿಲ್ ಮಾತ್ರ ಒಳ್ಳೆಯದಿರಬೇಕು. ಜಾಸ್ತಿ ಹಾಕಿದ ಆಯಿಲ್ ಪೂರ್ತಿ ಸುಡುವುದಿಲ್ಲ, ಕಾಡಿಗೆಯಾಗಿ ಸೈಲೆನ್ಸರ್ ಬಾಯಿಯ ಜಾಲರಿಗೆ ಹಿಡಿಯುತ್ತದೆ. ಹೊಗೆ ಹೊರಗೆ ಹೋಗದಿದ್ದರೆ ಹೊಸ ಗಾಳಿ ಒಳಗೆ ಬರುವುದು ಎಲ್ಲಿಂದ? ನನ್ನದೂ ಇವರ ಹಾಗೆಯೇ, ರೇಸ್ ಕೊಟ್ಟರೆ ಮಂಕು ಸ್ವರ, ಆಮೇಲೆ ನಿಲ್ಲುವುದು. ಒಬ್ಬರ ಹತ್ತಿರ ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್ ಬದಲಿಸಿದೆ, 1,850. ಇನ್ನೊಬ್ಬರು ಕಾರ್ಬೊರೇಟರ್ ತೊಳೆದರು, 400. ಕೊನೆಗೆ ನಾನೇ ಎರಡು ಸ್ಕ್ರೂ ಬಿಚ್ಚಿ ಜಾಲರಿ ತೆಗೆದೆ. ಉಗುರಿನಷ್ಟು ಜಾಗದಲ್ಲಿ ಒಂದು ತೂತೂ ಕಾಣುತ್ತಿರಲಿಲ್ಲ, ಡಾಂಬರು ಬಳಿದ ಹಾಗೆ. ಗ್ಯಾಸ್ ಒಲೆ ಮೇಲೆ ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ, ತಣಿದ ಮೇಲೆ ತಂತಿ ಬ್ರಷ್‌ನಲ್ಲಿ ಉಜ್ಜಿದೆ. ಖರ್ಚು ಸೊನ್ನೆ. ಮರುದಿನ ಎರಡು ಹಲಸಿನ ದಿಮ್ಮಿ ಕೊಯ್ದೆ. ಮೊದಲು ಜಾಲರಿ ನೋಡಿ. ಮೆಕ್ಯಾನಿಕ್‌ಗಳಿಗೆ ಕಾರ್ಬೊರೇಟರ್ ಬಿಟ್ಟು ಬೇರೆ ಹೆಸರೇ ಬಾಯಿಗೆ ಬರುವುದಿಲ್ಲ.

ಸುಳ್ಯ ಕಡೆಯವನು:
ನನ್ನ ಮಿಷನ್ನಿನ ಟ್ಯಾಂಕಿನ ಮೇಲೆ 25:1 ಅಂತ ಸ್ಟಿಕ್ಕರ್ ಉಂಟು. 25ಕ್ಕೆ 1 ಅಂದರೆ 40 ಎಂಎಲ್. ನಿಮ್ಮ ಜರ್ಮನಿ ಗರಗಸದ ಲೆಕ್ಕ ಕೇಳಿ ನಾಳೆ ಯಾರಾದರೂ ಚೈನಾ ಮಿಷನ್ನಿಗೆ 20 ಹಾಕಿ ಪಿಸ್ಟನ್ ಹಿಡಿಸಿಕೊಂಡರೆ ದುಡ್ಡು ನೀವು ಕೊಡುತ್ತೀರಾ? ಜಾಲರಿ ಕಟ್ಟಿದರೆ ಉಜ್ಜಬಹುದು. ಸಿಲಿಂಡರಿನ ಗೆರೆ ಉಜ್ಜಿದರೆ ಹೋಗುವುದಿಲ್ಲ.

ತೀರ್ಥಹಳ್ಳಿ ಮೆಕ್ಯಾನಿಕ್:
ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡಿಕೊಂಡಿದ್ದೇನೆ. ಶಿರಸಿಯವರ ಕೊನೇ ಮಾತಿಗೆ ಬೇಜಾರಾಯಿತು. ನಮ್ಮ ಬೆಂಚಿಗೆ ಗರಗಸ ಹೇಗೆ ಬರುತ್ತೆ ಗೊತ್ತಾ? ಅಕ್ಕಿ ಚೀಲದಲ್ಲಿ ಬಿಡಿ ಬಿಡಿಯಾಗಿ. ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಬಿಡುವ ಮೀಟರಿಂಗ್ ಲಿವರ್ ಕೆಳಗಿನ ಸ್ಪ್ರಿಂಗ್ ಸಾಸಿವೆ ಡಬ್ಬಿಯಲ್ಲಿ ಹುಡುಕುವಷ್ಟು ಸಣ್ಣದು, ಅದು ಹಾರಿ ಹೋಗಿರುತ್ತೆ. ಜೆಟ್ಟಿನ ಸ್ಕ್ರೂ ಬಿಗಿದು ಬಿಗಿದು ತುದಿ ಮುರಿದಿರುತ್ತಾರೆ. ಸೇರಿಸಿಕೊಟ್ಟ ಮೇಲೆ ಬೇರೆ ಏನು ಕೆಟ್ಟರೂ ನೀನೇ ಕೆಡಿಸಿದ್ದು ಅಂತ ಬರುತ್ತಾರೆ. ಅದಕ್ಕೇ ಕೆಲವರು ಪೂರಾ ಬದಲಿಸಿ ಅಂತ ದೊಡ್ಡ ಮೊತ್ತ ಹೇಳೋದು. ಸರಿ ಅನ್ನುತ್ತಿಲ್ಲ, ಯಾಕೆ ಅಂತ ಹೇಳುತ್ತಿದ್ದೇನೆ.

ಈಗ ಪೆಟ್ರೋಲ್‌ನಲ್ಲಿ ನೂರಕ್ಕೆ 20 ಎಥೆನಾಲ್. ಅದು ಗಾಳಿಯ ತೇವ ಹೀರುತ್ತೆ, ಮಲೆನಾಡಿನ ಮಳೆಗಾಲ ನಾಲ್ಕು ತಿಂಗಳು ಟ್ಯಾಂಕಿನಲ್ಲಿ ಕೂತರೆ ನೀರು ಬೇರೆಯಾಗಿ ತಳಕ್ಕೆ ಇಳಿಯುತ್ತೆ. ಕಾರ್ಬೊರೇಟರ್ ಒಳಗಿನ ಡಯಾಫ್ರಾಮ್ ರಬ್ಬರ್ ಪೊರೆ. ಒಳ್ಳೆಯದಾದರೆ ಈರುಳ್ಳಿಯ ಒಳಸಿಪ್ಪೆ ತರ ಬೆರಳ ಮೇಲೆ ಜೋತು ಬೀಳುತ್ತೆ. ಕೆಟ್ಟದ್ದನ್ನು ಒತ್ತಿದರೆ ಎಕ್ಸ್‌ರೇ ಹಾಳೆ ತರ ಟಿಕ್ ಅನ್ನುತ್ತೆ. ರೇಸ್ ಕೊಟ್ಟಾಗ ಇಂಜಿನ್ ಎಳೆದಷ್ಟು ಈ ಪೊರೆ ಬಾಗಬೇಕು, ಬಾಗಿದರೆ ಲಿವರ್ ಒತ್ತಿ ಸೂಜಿ ಎದ್ದು ಪೆಟ್ರೋಲ್ ಬಿಡುತ್ತೆ. ಸೆಟೆದುಕೊಂಡರೆ ಸಣ್ಣಕ್ಕೆ ಓಡೋಕೆ ಸಾಕಾಗುವಷ್ಟು ಮಾತ್ರ ಬರುತ್ತೆ. ಹೊಸನಗರದವರ ಗರಗಸ ಹಾಗೇ ಮಾಡುತ್ತಿರೋದು. ಡಯಾಫ್ರಾಮ್ ಕಿಟ್ ಮಾತ್ರ ಹಾಕಿದರೆ 350ರಿಂದ 600. ನನ್ನ ಮಜೂರಿ 300, ಇದರಲ್ಲಿ ಲೂಟಿ ಎಲ್ಲಿದೆ ಅಂತ ಶಿರಸಿಯವರು ಹೇಳಲಿ.

ಸಕಲೇಶಪುರ, ಕಾಫಿ ತೋಟ ನೋಡಿಕೊಳ್ಳುವವಳು:
ನಮ್ಮಲ್ಲಿ ಎರಡು ಗರಗಸ, ಮೂರು ವೀಡ್ ಕಟರ್, ಒಂದು ಸ್ಪ್ರೇಯರ್. ಮರಗಸಿ (ನೆರಳು ಮರದ ಕೊಂಬೆ ಕಡಿಯುವ) ಸಮಯದಲ್ಲಿ ಒಂದು ನಿಂತರೂ ಆಳುಗಳು ಸುಮ್ಮನೆ ಕೂರುತ್ತಾರೆ, ದಿನಕ್ಕೆ ಮೂರು ಸಾವಿರ ಮಣ್ಣು. 2023ರಲ್ಲಿ ಒಂದೇ ವರ್ಷ ಕಾರ್ಬೊರೇಟರಿಗೆ 11,400 ಕೊಟ್ಟಿದ್ದೇನೆ, ಬಿಲ್ಲು ಇಟ್ಟಿದ್ದೇನೆ. ಆಮೇಲೆ ನಾನೇ ಪರೀಕ್ಷೆ ಮಾಡಿದೆ. ಗೆರೆ ಇರುವ 100 ಎಂಎಲ್ ಗಾಜಿನ ಕೊಳವೆಗೆ 20 ಎಂಎಲ್ ನೀರು, 80 ಎಂಎಲ್ ಪೆಟ್ರೋಲ್ ಹಾಕಿ ಚೆನ್ನಾಗಿ ಕುಲುಕಿ ಹತ್ತು ನಿಮಿಷ ಬಿಟ್ಟೆ. ನೀರಿನ ಮಟ್ಟ 20ರಿಂದ 35ರ ಹತ್ತಿರಕ್ಕೆ ಏರಿತ್ತು. ಎಥೆನಾಲ್ ಎಲ್ಲ ನೀರಿಗೆ ಇಳಿದಿತ್ತು. ಅವತ್ತಿಂದ 20 ಲೀಟರ್ ಕ್ಯಾನಿನಲ್ಲಿ ಹೀಗೇ ತೊಳೆದು, ತಳದ ನಲ್ಲಿಯಿಂದ ನೀರು ಬಿಟ್ಟು, ಮೇಲಿನ ಪೆಟ್ರೋಲಿಗೆ ಆಯಿಲ್ ಬೆರೆಸುತ್ತೇನೆ. ಎರಡು ವರ್ಷದಿಂದ ಒಂದು ಕಾರ್ಬೊರೇಟರೂ ಬಿಚ್ಚಿಲ್ಲ. ಮೆಕ್ಯಾನಿಕ್‌ಗಳು ಯಾರೂ ಇದನ್ನು ನನಗೆ ಹೇಳಲಿಲ್ಲ.

ತೀರ್ಥಹಳ್ಳಿ ಮೆಕ್ಯಾನಿಕ್:
ಹೇಳದೆ ಇರೋದಕ್ಕೆ ಕಾರಣ ಇದೆ ಮೇಡಂ. ಎಥೆನಾಲ್ ತೆಗೆದರೆ ಆಕ್ಟೇನ್, ಅಂದರೆ ಹೊತ್ತಿಗೆ ಮೊದಲೇ ಹೊತ್ತಿಕೊಳ್ಳದೆ ತಡೆಯೋ ಶಕ್ತಿ, ಇಳಿಯುತ್ತೆ. ಗಟ್ಟಿ ಮರಕ್ಕೆ ಫುಲ್ ರೇಸಿನಲ್ಲಿ ಒತ್ತಿದಾಗ ಒಳಗೆ ಟಪಟಪ ಬಡಿದು ಪಿಸ್ಟನ್ ತಲೆ ಸುಡುತ್ತೆ. ತೊಳೆದ ಪೆಟ್ರೋಲಿನಲ್ಲಿ ನೀರಿನ ಹನಿ ಉಳಿದರೆ ಇನ್ನೊಂದು ಕಷ್ಟ. ಮತ್ತೆ ಆ ಬಿಟ್ಟ ನೀರು ಎಲ್ಲಿಗೆ ಹೋಯಿತು? ತೋಟದ ಕೆರೆಗಾ?

ಸಕಲೇಶಪುರ:
ಕೆರೆಗೆ ಬಿಡುವವಳು ನಾನಲ್ಲ. ಅಗಲ ತಟ್ಟೆಯಲ್ಲಿ ಬಯಲಲ್ಲಿ ಆರಲು ಇಡುತ್ತೇನೆ, ಸುತ್ತ ಬೆಂಕಿ ತರಲು ಬಿಡುವುದಿಲ್ಲ. ಪೆಟ್ರೋಲ್ ರಾತ್ರಿಯೆಲ್ಲ ನಿಲ್ಲಿಸಿ, ತಳದ ಅರ್ಧ ಲೀಟರ್ ಬಿಟ್ಟು ಮೇಲಿನದನ್ನು ಮಾತ್ರ ಬಳಸುತ್ತೇನೆ. ಸಿಲ್ವರ್ ಓಕ್ ಕೊಂಬೆಗೆ ಏನೂ ಆಗಿಲ್ಲ. ನಿಮ್ಮ ಮಾತಿನ ಪ್ರಕಾರ ನನ್ನ ಪಿಸ್ಟನ್ ಇಷ್ಟರಲ್ಲಿ ಸುಡಬೇಕಿತ್ತು.

ತೀರ್ಥಹಳ್ಳಿ ಮೆಕ್ಯಾನಿಕ್:
ಸಿಲ್ವರ್ ಓಕ್ ಮೆದು. ಹಲಸು, ಹೊನ್ನೆ, ಮತ್ತಿ ಕೊಯ್ಯೋರು ಇದನ್ನು ಓದಿ ಮಾಡದಿರಲಿ ಅಂತಲೇ ಹೇಳಿದ್ದು. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಸ್ಟಾರ್ಟ್ ಮಾಡಿ ಅದಾಗೇ ನಿಲ್ಲೋ ತನಕ ಬಿಟ್ಟರೆ ತೊಳೆಯೋ ಕೆಲಸವೇ ಇಲ್ಲ.

ಹಾವೇರಿ ರೈತ:
ಎಲ್ಲಾರೂ ಕಾರ್ಬೊರೇಟರ್ ಹಿಡ್ಕೊಂಡು ಕುಂತೀರಿ. ನಂದು ಕೇಳ್ರಿ. ಸ್ಪ್ರೇ ಇಂಜಿನ್ ಒಮ್ಮೊಮ್ಮೆ ಹಗ್ಗಾ ವಾಪಸ್ ಜಗ್ಗತಿತ್ತು, ಕೈ ಕಿತ್ತ ಬಂದಂಗ ಆಗೂದು. ಕಾರ್ಬೊರೇಟರ್ ಹೊಸಾದು 2,600. ಕಾಯಿಲ್ 1,900. ಹಗ್ಗದ ಸೆಟ್ 700. ಹೋಗಿ ಬರೂ ಬಸ್ ಚಾರ್ಜು, ಮಜೂರಿ ಹಿಡದು 1,200. ಆತಲ್ರೀ 6,400? ಕಡೀಕ ಒಬ್ಬ ಮುದುಕಪ್ಪ ಫ್ಲೈವೀಲ್ (ಇಂಜಿನ್ನಿನ ಗಾಲಿ) ಬಿಚ್ಚಿ ತೋರಿಸಿದ. ಅದನ್ನ ಇಂಜಿನ್ನಿನ ತಿರಗೂ ಅಚ್ಚಿಗೆ (ಕ್ರ್ಯಾಂಕಿಗೆ) ಕೂಡಸೂ ಕೀಲಿ, ಅಕ್ಕಿಕಾಳಿನ ಎರಡರಷ್ಟು, ಅರ್ಧಕ್ಕ ಕತ್ತರಿಸಿತ್ತು. ಫ್ಲೈವೀಲ್ ಸರದು ಕಿಡಿ ಹೊತ್ತಲ್ಲದ ಹೊತ್ತಿನಾಗ ಬೀಳತಿತ್ತು. ಕೀಲಿಗೆ 30 ರೂಪಾಯಿ.

ನಮ್ಮಪ್ಪನ ಕಾಲದಾಗ ಹೊಳಿಯಿಂದ ನೀರು ಎತ್ತಾಕ ವಿಲಿಯರ್ಸ್ ಇಂಜಿನ್ ಇತ್ತು. ಪೆಟ್ರೋಲ್‌ನ್ಯಾಗ ಚಾಲೂ ಮಾಡಿ, ಕಾದ ಮ್ಯಾಲೆ ಸೀಮೆಎಣ್ಣಿಗೆ ತಿರುವೂದು. ನಾ ಎಂಟು ವರ್ಷದ ಹುಡುಗ ಇದ್ದಾಗ ಕಾಕ್ ತಿರುವೂ ಕೆಲಸ ನಂದು. ಸೀಮೆಎಣ್ಣಿ ಸಿಗದಂಗ ಆದ ಮ್ಯಾಲೆ ಗುಜರಿಗೆ ಹಾಕಿದ್ವಿ, ಅಪ್ಪ ಎರಡು ದಿನ ಮಾತಾಡಲಿಲ್ಲ. ಈಗ ಹಂತಾ ಗಟ್ಟಿ ಸಾಮಾನು ಬರಂಗಿಲ್ಲ.

ಕುಂದಾಪುರದವ:
ನಾನು ಪೆಟ್ರೋಲ್ ಸಹವಾಸವೇ ಬಿಟ್ಟೆ. ಬ್ಯಾಟರಿ ಗರಗಸ, ಎರಡು ಬ್ಯಾಟರಿ ಸೇರಿ 38 ಸಾವಿರ. ಪ್ಲಗ್ ಇಲ್ಲ, ಆಯಿಲ್ ಮಿಕ್ಸ್ ಇಲ್ಲ, ಹಗ್ಗ ಎಳೆದು ಭುಜ ನೋವಿಲ್ಲ. ತೆಂಗಿನ ಹೆಡೆ, ಬೇಲಿ ಗೂಟ, ಬಿದ್ದ ಅಡಿಕೆ ಮರಕ್ಕೆ ಸಾಕು. ಅಷ್ಟು ದುಡ್ಡು ಕೊಟ್ಟದ್ದಕ್ಕೆ ಮನೆಯಲ್ಲಿ ಮಾತು ಕೇಳಿದ್ದೇನೆ, ಆದರೂ ಇನ್ನು ಪೆಟ್ರೋಲ್ ಕಡೆ ಹೋಗುವುದಿಲ್ಲ.

ಶಿರಸಿ ಹತ್ತಿರದವ:
ಗಾಳಿಮಳೆಗೆ ದಾರಿ ಮೇಲೆ ಮರ ಬಿದ್ದ ದಿನವೇ ನಮ್ಮಲ್ಲಿ ಕರೆಂಟು ಹೋಗುವುದು, ನಾಲ್ಕೈದು ದಿನ ಬರುವುದಿಲ್ಲ. ಆಗ ನಿಮ್ಮ ಬ್ಯಾಟರಿಯನ್ನು ಎಲ್ಲಿ ಚಾರ್ಜ್ ಮಾಡಲಿ? ನಮ್ಮ ಅತ್ತೆಯವರನ್ನು ಆಸ್ಪತ್ರೆಗೆ ಒಯ್ಯುವಾಗ ಪೆಟ್ರೋಲ್ ಗರಗಸವೇ ದಾರಿ ಬಿಡಿಸಿದ್ದು. ಮೆಕ್ಯಾನಿಕ್ ಅವರೇ, ನಾನು ಎಲ್ಲರಿಗೂ ಸೇರಿಸಿ ಹೇಳಿದ್ದು ತಪ್ಪು. ಆದರೆ ನನ್ನ 1,850ರ ಕಾಯಿಲ್ ಸುಮ್ಮನೆ ಹೋದದ್ದು ಸುಳ್ಳಲ್ಲ.

ಹೊಸನಗರದ ತೋಟಿಗ:
ಭಾನುವಾರ ಧೈರ್ಯ ಮಾಡಿ ಬಿಚ್ಚಿದೆ. ಸೈಲೆನ್ಸರ್ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ಪಿಸ್ಟನ್ ಮೈ ನುಣ್ಣಗಿದೆ, ಉದ್ದ ಗೆರೆ ಒಂದೂ ಇಲ್ಲ. ಜಾಲರಿ ಸ್ವಲ್ಪ ಕಪ್ಪು, ಕಟ್ಟಿಲ್ಲ. ಟ್ಯಾಂಕಿನೊಳಗಿನ ಫಿಲ್ಟರನ್ನು ತಂತಿ ಕೊಕ್ಕೆಯಿಂದ ಎಳೆದರೆ ಪೈಪು ಕೈಗೇ ಬಂತು, ಜಗಿದು ಬಿಟ್ಟ ಬಬಲ್ ಗಮ್ ತರ ಮೆದು. ಕಾರ್ಬೊರೇಟರ್ ಇನ್ನೂ ಬಿಚ್ಚಿಲ್ಲ, ಭಯ. ಯಾವ ಕಿಟ್ ಕೇಳಬೇಕು?

ತೀರ್ಥಹಳ್ಳಿ ಮೆಕ್ಯಾನಿಕ್:
ಪಿಸ್ಟನ್ ಚೆನ್ನಾಗಿದ್ದರೆ ಗರಗಸ ಬದುಕಿದೆ. ಕಾರ್ಬೊರೇಟರ್ ಮೈ ಮೇಲೆ ಒತ್ತಿದ ನಂಬರ್ ಇರುತ್ತೆ, ಅದರ ಫೋಟೋ ತೋರಿಸಿ ಕಿಟ್ ಕೇಳಿ. ಪೈಪು, ಫಿಲ್ಟರ್ ಎರಡೂ ಹೊಸದು ತನ್ನಿ. ಬಿಚ್ಚುವಾಗ ಬಿಳಿ ಬಟ್ಟೆ ಹಾಸಿ, ಒಂದೊಂದು ಪದರಕ್ಕೂ ಫೋಟೋ ತೆಗೀರಿ. ಸಾಮಾನ್ಯವಾಗಿ ಲಿವರ್ ಇರೋ ಕಡೆ ಮೊದಲು ಗ್ಯಾಸ್ಕೆಟ್ (ಸಂದು ಮುಚ್ಚೋ ತೆಳು ಹಾಳೆ), ಅದರ ಮೇಲೆ ಡಯಾಫ್ರಾಮ್. ಪೆಟ್ರೋಲ್ ಎಳೆಯೋ ಪಂಪ್ ಕಡೆ ಉಲ್ಟಾ, ಮೊದಲು ಡಯಾಫ್ರಾಮ್, ಮೇಲೆ ಗ್ಯಾಸ್ಕೆಟ್. ನಿಮ್ಮದರಲ್ಲಿ ಬೇರೆ ತರ ಇದ್ದರೆ ಇದ್ದ ಹಾಗೇ ಜೋಡಿಸಿ. ಲಿವರನ್ನು ಬಗ್ಗಿಸಬೇಡಿ.

ಹೊಸನಗರದ ತೋಟಿಗ:
ಕಿಟ್ 480, ಪೈಪು 160, ಫಿಲ್ಟರ್ 120. ಹಳೇ ಪೊರೆ ನೀವು ಹೇಳಿದ ಹಾಗೇ ಟಿಕ್ ಅಂತು. ನಿನ್ನೆ ಸಂಜೆ ರೇಸ್ ಪೂರಾ ತಗೊಂಡಿತು. ಆದರೆ ಈಗ ಚೈನಿಗೆ ಎಣ್ಣೆ ಬರುತ್ತಿಲ್ಲ, ಬಾರ್ ಹೊಗೆಯಾಡುತ್ತಿದೆ. ಎಣ್ಣೆ ಪಂಪೂ ಹೋಯಿತಾ? ಬೈಕಿನ ಹಳೇ ಆಯಿಲ್ ಹಾಕುತ್ತಿದ್ದೆ.

ಶಿರಸಿ ಹತ್ತಿರದವ:
ಪಂಪಿಗೆ ಈಗಲೇ ದುಡ್ಡು ಹಾಕಬೇಡಿ. ಸುಟ್ಟ ಆಯಿಲಿನ ಮಡ್ಡಿ, ಮರದ ಪುಡಿ ಸೇರಿ ತೂತು ಕಟ್ಟಿರುತ್ತದೆ, ನನ್ನದೂ ಕಟ್ಟಿತ್ತು. ಬಾರ್ ಬಿಚ್ಚಿ ಎಣ್ಣೆ ತೂತಿಗೆ ಸಣ್ಣ ತಂತಿ ಆಡಿಸಿ, ಚೈನು ಕೂರುವ ಕಾಲುವೆಯನ್ನು ಹಳೇ ಹ್ಯಾಕ್ಸಾ ಬ್ಲೇಡಿನಲ್ಲಿ ಕೆರೆದು, ಬಾರ್ ಮೇಲೆ ಕೆಳಗೆ ತಿರುಗಿಸಿ ಹಾಕಿ. ಚೈನ್ ಆಯಿಲ್ಲೇ ತುಂಬಿ. ಆಮೇಲೆ ಬಾರಿನ ತುದಿಯನ್ನು ಬಿಳಿ ರಟ್ಟಿನಿಂದ ಒಂದು ಗೇಣು ದೂರ ಹಿಡಿದು ರೇಸ್ ಕೊಡಿ, ರಟ್ಟಿನ ಮೇಲೆ ಎಣ್ಣೆಯ ಗೆರೆ ಬೀಳಬೇಕು. ಬೀಳದಿದ್ದರೆ ಮಾತ್ರ ಪಂಪ್ ನೋಡಿಸಿ.