ಕಂಪ್ಯೂಟರಿನಿಂದ ಹಳೆಯ ಆಂಪ್ಲಿಫೈಯರ್‌ಗೆ ಲೈನ್ ಕೊಟ್ಟರೆ ಗುಂಯ್ ಅನ್ನುತ್ತೆ, ಏನು ಮಾಡೋದು?

ಪ್ರಶ್ನೆ:
ಡೆಸ್ಕ್‌ಟಾಪಿನ ಹಿಂಬದಿಯ ಹಸಿರು ಜ್ಯಾಕ್‌ನಿಂದ ಹಳೆಯ ಸ್ಟೀರಿಯೋ ಆಂಪ್ಲಿಫೈಯರ್‌ಗೆ ಕೇಬಲ್ ಎಳೆದಿದ್ದೇನೆ. ಒಂದು ಕಡೆ 3.5 ಎಂಎಂ ಪಿನ್, ಇನ್ನೊಂದು ಕಡೆ ಎರಡು ಆರ್‌ಸಿಎ (ಕೆಂಪು, ಬಿಳಿ ದುಂಡು ಪಿನ್). ಫೋನೋ ಸಾಕೆಟ್‌ಗೆ ಹಾಕಿದರೆ ಸದ್ದು ಒಡೆಯುತ್ತೆ, ಬರೀ ಬೇಸ್. ಆಕ್ಸ್‌ಗೆ ಹಾಕಿದರೆ ಹಾಡು ಚೆನ್ನಾಗಿದೆ, ಆದರೆ ಹಿಂದೆ ಗುಂಯ್ ಅನ್ನೋದು ನಿಲ್ಲೋದೇ ಇಲ್ಲ. ಮೌಸ್ ಆಡಿಸಿದರೆ ಕಿರಕಿರ ಬೇರೆ. ಹೊಸ ಸೌಂಡ್ ಕಾರ್ಡ್ ತಗೋಬೇಕಾ?

ಉತ್ತರ 1:
ಕಾರ್ಡ್ ಬದಲಿಸಬೇಡಿ, ತೊಂದರೆ ಅಲ್ಲಿಲ್ಲ. ಫೋನೋ ಇರೋದು ರೆಕಾರ್ಡ್ ಪ್ಲೇಯರ್‌ಗೆ. ಅದರ ಕಾರ್ಟ್ರಿಜ್ (ಮುಳ್ಳಿರುವ ಭಾಗ) ಕೊಡೋದು ಸುಮಾರು 5 ಮಿಲಿವೋಲ್ಟ್, ಸೌಂಡ್ ಕಾರ್ಡ್ ಕೊಡೋದು 1 ವೋಲ್ಟ್ ಆಸುಪಾಸು. ಇನ್ನೂರು ಪಟ್ಟು ಹೆಚ್ಚಾದರೆ ಒಡೆಯದೆ ಇರುತ್ತಾ? ಸಾಲದ್ದಕ್ಕೆ ಅಲ್ಲಿ ಬೇಸ್ ಎತ್ತಿ ಟ್ರೆಬಲ್ ಇಳಿಸುವ ಸರ್ಕ್ಯೂಟ್ ಬೇರೆ ಇರುತ್ತೆ. ಆಕ್ಸ್, ಟ್ಯೂನರ್, ಟೇಪ್ ಇನ್, ಈ ಮೂರರಲ್ಲಿ ಯಾವುದಾದರೂ ಸರಿ. ಟೇಪ್ ಔಟ್‌ಗೆ ಮಾತ್ರ ಹಾಕಬೇಡಿ. ಪಿನ್ ಹಾಕುವಾಗ, ತೆಗೆಯುವಾಗ ಆಂಪ್ಲಿಫೈಯರ್ ಆಫ್ ಇರಲಿ, ಇಲ್ಲದಿದ್ದರೆ ಆ ಟಪ್ ಅನ್ನೋ ಹೊಡೆತ ಸ್ಪೀಕರಿಗೆ ಬೀಳುತ್ತೆ.

ಉತ್ತರ 2:
ಗುಂಯ್ ಅನ್ನೋದು ಅರ್ತ್ ಲೂಪ್. ಪಿಸಿಗೆ ತ್ರೀ ಪಿನ್‌ನಿಂದ ಒಂದು ಅರ್ತ್ ಬರುತ್ತೆ, ಆಂಪ್ಲಿಫೈಯರ್‌ಗೆ ಇನ್ನೆಲ್ಲಿಂದಲೋ ಇನ್ನೊಂದು. ಎರಡರ ನಡುವಿನ ಚೂರು ವ್ಯತ್ಯಾಸವೇ ಆಡಿಯೋ ಕೇಬಲ್ಲಿನ ಶೀಲ್ಡ್ (ಒಳವೈರನ್ನು ಸುತ್ತಿದ ಲೋಹದ ಹೊದಿಕೆ) ಮೇಲೆ 50 ಹರ್ಟ್ಸ್ ಕರೆಂಟ್ ಹರಿಸುತ್ತೆ. ಪಿಸಿಯೊಳಗಿನ ಗಲಾಟೆಯೂ ಅದೇ ದಾರಿ ಹಿಡಿಯುತ್ತೆ, ಮೌಸಿನ ಕಿರಕಿರ ಬರೋದು ಹಾಗೆ. ಮೊದಲು ಎರಡನ್ನೂ ಒಂದೇ ಸ್ಪೈಕ್ ಬಸ್ಟರ್‌ಗೆ ಹಾಕಿ. ಆಮೇಲೆ ಆಂಪ್ಲಿಫೈಯರ್‌ಗೆ ಸೇರಿರುವ ಬೇರೆ ವೈರ್‌ಗಳನ್ನು ಒಂದೊಂದಾಗಿ ಬಿಚ್ಚುತ್ತಾ ಕಿವಿಗೊಡಿ. ಅರ್ತ್ ಪಿನ್ ಕತ್ತರಿಸಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಪಿಸಿಯ ಲೋಹದ ಕ್ಯಾಬಿನೆಟ್ಟೇ ಶಾಕ್ ಹೊಡೆಯುತ್ತೆ.

ಪ್ರಶ್ನೆ ಕೇಳಿದವರು:
ಟಿವಿ ಸೆಟ್ ಟಾಪ್ ಬಾಕ್ಸ್ ಕೂಡ ಇದೇ ಆಂಪ್ಲಿಫೈಯರ್‌ಗೆ ಸೇರಿದೆ. ಅದರ ಹಿಂದಿನ ದಪ್ಪ ಕೇಬಲ್ ತಿರುಗಿಸಿ ಬಿಚ್ಚಿದ ಕೂಡಲೇ ಗುಂಯ್ ಪೂರ್ತಿ ನಿಂತಿತು! ಎರಡೂ ಬೇಕಲ್ಲ, ದಾರಿ?

ಉತ್ತರ 2:
ಹಾಗಾದರೆ ಆ ಇನ್ನೊಂದು ಅರ್ತ್ ಬರ್ತಿದ್ದದ್ದು ಆ ಕೇಬಲ್ಲಿನಿಂದಲೇ. ಬೀದಿಯ ಕೇಬಲ್ ಟಿವಿಯಾದರೆ ಆ ಕೇಬಲ್ಲಿಗೇ ಗ್ಯಾಲ್ವನಿಕ್ ಐಸೊಲೇಟರ್ (ಸಿಗ್ನಲ್ ಬಿಟ್ಟು ಅರ್ತ್ ಸಂಪರ್ಕ ತಡೆಯುವ ಪುಟ್ಟ ಸಾಧನ) ಹಾಕಬಹುದು. ಡಿಶ್ ಆದರೆ ಅದು ನಡೆಯಲ್ಲ, ಡಿಶ್‌ನ ಎಲ್‌ಎನ್‌ಬಿಗೆ (ತಟ್ಟೆಯ ಮುಂದಿರುವ ಸಿಗ್ನಲ್ ಹಿಡಿಯುವ ಭಾಗ) ಕರೆಂಟ್ ಹೋಗೋದೂ ಅದೇ ವೈರಿನಲ್ಲಿ. ಆಗ ಸೆಟ್ ಟಾಪ್ ಬಾಕ್ಸಿನ ಆಡಿಯೋ ವೈರಿನ ನಡುವೆ 1:1 ಆಡಿಯೋ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಡಿ, ವೈರ್ ನೇರ ಸೇರದೆ ಸದ್ದು ಮಾತ್ರ ದಾಟುತ್ತೆ. ತೀರಾ ಪುಟ್ಟದು ಬೇಡ, ಬೇಸ್ ತಿನ್ನುತ್ತೆ. ಪಿಸಿ ಕಡೆಗಿಂತ ಟಿವಿ ಕಡೆ ಇಟ್ಟರೆ ಹಾಡಿನ ಗುಣಮಟ್ಟಕ್ಕೆ ಧಕ್ಕೆ ಬರಲ್ಲ.

ಉತ್ತರ 3:
ಒಂದು ಸೇರಿಸುತ್ತೇನೆ. ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಸದ್ದನ್ನು ಅನಲಾಗ್ ಮಾಡುವ ಹೊರಗಿನ ಪೆಟ್ಟಿಗೆ) ತಂದರೆ ಲೂಪ್ ಹೋಗುತ್ತೆ ಅಂದುಕೊಳ್ಳಬೇಡಿ, ಯುಎಸ್‌ಬಿ ವೈರಿನಲ್ಲೂ ಪಿಸಿಯ ಗ್ರೌಂಡ್ (ಅರ್ತ್‌ಗೆ ಸೇರಿದ ತಂತಿ) ಇದೆ. ಮದರ್‌ಬೋರ್ಡಿನಲ್ಲಿ ಆಪ್ಟಿಕಲ್ ಔಟ್ ಇದ್ದರೆ ಆಪ್ಟಿಕಲ್ ಇರುವ ಡ್ಯಾಕ್ ತಗೊಳ್ಳಿ, ಬೆಳಕಿನ ಮೂಲಕ ಗ್ರೌಂಡ್ ದಾಟಲ್ಲ. ವಿಂಡೋಸ್ ವಾಲ್ಯೂಮ್ 100ರ ಹತ್ತಿರ ಇಟ್ಟು ಆಂಪ್ಲಿಫೈಯರ್ ನಾಬ್‌ನಲ್ಲೇ ಸದ್ದು ಹೊಂದಿಸಿ. ಉಲ್ಟಾ ಮಾಡಿದರೆ ಹಾಡು ಸಣ್ಣದಾಗುತ್ತೆ, ಹಿಸ್ (ಸುಯ್ ಅನ್ನೋ ಸದ್ದು) ಉಳಿಯುತ್ತೆ.